ಹಾಸನದಲ್ಲಿ ಮದುವೆ ರಿಜಿಸ್ಟರ್ ಮಾಡಿಸುವುದು ಹೇಗೆ: ಯಾವ ಆಫೀಸು, ಯಾವ ಕಾಯ್ದೆ, ಯಾವ ಕಾಗದ

ಮದುವೆ ಸರ್ಟಿಫಿಕೇಟ್ ನೆನಪಾಗುವುದೇ ಬೇರೆ ಯಾರಾದರೂ ಕೇಳಿದಾಗ. ಹುಡುಗನಿಗೆ ಜರ್ಮನಿಯಲ್ಲಿ ಕೆಲಸ ಸಿಕ್ಕಿರುತ್ತದೆ, ಹೆಂಡತಿಗೆ ವೀಸಾ ಹಾಕಬೇಕು. ಇಲ್ಲವೇ ಬ್ಯಾಂಕಿನವರು ಇಬ್ಬರ ಹೆಸರಿನಲ್ಲಿ ಮನೆ ಸಾಲ ಕೊಡುವಾಗ ಕೇಳುತ್ತಾರೆ. ಅಪ್ಪ ರಿಟೈರ್ ಆಗುವ ಹೊತ್ತಿಗೆ ಪಿಂಚಣಿ ಕಾಗದಕ್ಕೆ ಅಮ್ಮನ ಜೊತೆಗಿನ ಮದುವೆಯ ದಾಖಲೆ ಬೇಕಾಗುವುದೂ ಉಂಟು. ಆಗಿನ ಲಗ್ನಪತ್ರಿಕೆ ಯಾವ ಟ್ರಂಕಿನ ತಳದಲ್ಲಿದೆಯೋ ದೇವರಿಗೇ ಗೊತ್ತು. ಆಮೇಲೆ ಶುರುವಾಗುತ್ತದೆ ಓಡಾಟ.

ನಿಜವಾಗಿ ಕೆಲಸ ಅಷ್ಟು ದೊಡ್ಡದಲ್ಲ. ಎರಡು ವಿಷಯ ಮೊದಲೇ ತೀರ್ಮಾನ ಮಾಡಿಕೊಂಡು ಹೊರಡಬೇಕು ಅಷ್ಟೇ. ಒಂದು, ನಿಮ್ಮ ಮದುವೆಗೆ ಯಾವ ಕಾಯ್ದೆ ಅನ್ವಯಿಸುತ್ತದೆ. ಇನ್ನೊಂದು, ನಿಮ್ಮ ಹೆಸರು ಎಲ್ಲ ಕಾಗದದಲ್ಲೂ ಒಂದೇ ಥರ ಇದೆಯಾ. ಹೋದವರು ವಾಪಸ್ ಬರುವುದು ಬಹುಮಟ್ಟಿಗೆ ಈ ಎರಡರಲ್ಲಿ ಒಂದಕ್ಕೆ.

ಅಮೆರಿಕದಲ್ಲಿರುವ ನೆಂಟರು ಫೋನಿನಲ್ಲಿ "ಮ್ಯಾರೇಜ್ ಲೈಸೆನ್ಸ್ ತಗೊಂಡ್ರಾ" ಅಂತ ಕೇಳಿ ಗಾಬರಿ ಹುಟ್ಟಿಸಬಹುದು. ಅಲ್ಲಿ ಮದುವೆಗೆ ಮುಂಚೆ ಲೈಸೆನ್ಸ್ ಪಡೆಯುವ ಪದ್ಧತಿ ಇದೆ. ನಮ್ಮಲ್ಲಿ ಶಾಸ್ತ್ರಬದ್ಧವಾಗಿ ಆಗುವ ಮದುವೆಗೆ ಸರ್ಕಾರದ ಮುಂಗಡ ಪರವಾನಗಿ ಬೇಕಾಗಿಲ್ಲ. ವಯಸ್ಸು ಆಗಿರಬೇಕು, ಬೇರೆ ಅಡ್ಡಿ ಇರಬಾರದು, ಮದುವೆ ಆಮೇಲೆ ರಿಜಿಸ್ಟರ್ ಆಗುತ್ತದೆ. ಆಫೀಸಿನಲ್ಲೇ ಆಗುವ ರಿಜಿಸ್ಟರ್ ಮದುವೆಗೆ ಮಾತ್ರ ಮುಂಚಿತ ನೋಟಿಸು ಬೇಕು. ಅದರ ವಿಷಯಕ್ಕೆ ಕೆಳಗೆ ಬರುತ್ತೇನೆ.

ಯಾವ ಆಫೀಸಿಗೆ ಹೋಗಬೇಕು

ಉಪನೋಂದಣಾಧಿಕಾರಿ ಕಚೇರಿಗೆ. ಅಂದರೆ ಎಲ್ಲರ ಬಾಯಲ್ಲೂ ಇರುವ ಸಬ್ ರಿಜಿಸ್ಟ್ರಾರ್ ಆಫೀಸು, ಸೈಟು, ಜಮೀನು ರಿಜಿಸ್ಟರ್ ಆಗುವ ಅದೇ ಜಾಗ. ಜನನ ಮರಣ ಪತ್ರ ನಗರಸಭೆ, ಪಾಲಿಕೆಯಲ್ಲಿ ಸಿಗುತ್ತದಲ್ವಾ, ಇದೂ ಅಲ್ಲೇ ಇರಬೇಕು ಅಂತ ಅಲ್ಲಿಗೆ ಹೋಗುವವರಿದ್ದಾರೆ. ಜಾತಿ, ಆದಾಯ ಪತ್ರದ ಅಭ್ಯಾಸದಲ್ಲಿ ನಾಡಕಚೇರಿ ಕ್ಯೂನಲ್ಲಿ ನಿಲ್ಲುವವರೂ ಇದ್ದಾರೆ. ಎರಡೂ ಕಡೆ ಈ ಕೆಲಸ ಆಗುವುದಿಲ್ಲ.

ಹಿಂದೂ ಮದುವೆಯಾದರೆ, ಮದುವೆ ನಡೆದ ಊರು ಯಾವ ಸಬ್ ರಿಜಿಸ್ಟ್ರಾರ್ ವ್ಯಾಪ್ತಿಗೆ ಬರುತ್ತದೋ ಅಲ್ಲಿ ಮಾಡಿಸಬಹುದು. ಗಂಡು ಅಥವಾ ಹೆಣ್ಣು ವಾಸವಿರುವ ಜಾಗದ ಆಫೀಸಿನಲ್ಲೂ ಮಾಡಿಸಬಹುದು. ಹುಡುಗಿ ಅರಕಲಗೂಡಿನ ಕಡೆಯವಳು, ಹುಡುಗ ಚನ್ನರಾಯಪಟ್ಟಣದವನು, ಮದುವೆ ಹಾಸನದ ಛತ್ರದಲ್ಲಿ, ಇಬ್ಬರೂ ಇರುವುದು ಬೆಂಗಳೂರಿನಲ್ಲಿ ಅಂತಿಟ್ಟುಕೊಳ್ಳಿ. ಇಂಥವರಿಗೆ ಆಯ್ಕೆ ಜಾಸ್ತಿ. ನನ್ನ ಸಲಹೆ ಇಷ್ಟೇ: ಸಾಕ್ಷಿಗಳು ಎಲ್ಲಿದ್ದಾರೋ ಅಲ್ಲಿ ಮಾಡಿಸಿ. ಮೂರು ಜನ ಸಾಕ್ಷಿ ಬೇಕು, ಊರಿನ ಮೂವರು ದೊಡ್ಡವರನ್ನು ಬಸ್ಸಿನಲ್ಲಿ ಬೆಂಗಳೂರಿಗೆ ಕರೆದೊಯ್ಯುವುದಕ್ಕಿಂತ ನೀವಿಬ್ಬರು ಒಂದು ದಿನ ರಜೆ ಹಾಕಿ ಊರಿಗೆ ಬರುವುದು ಸುಲಭ. ಆದರೆ ವಿಳಾಸದ ದಾಖಲೆ ನೋಡಿಕೊಳ್ಳಿ. ವಾಸದ ಆಧಾರದ ಮೇಲೆ ಅರ್ಜಿ ಹಾಕುತ್ತೀರಾದರೆ ಆ ವಿಳಾಸ ನಿಮ್ಮ ಕಾಗದದಲ್ಲಿ ಕಾಣಬೇಕು. ಮದುವೆ ನಡೆದ ಸ್ಥಳದ ಆಧಾರವಾದರೆ ಛತ್ರದ ಅಥವಾ ದೇವಸ್ಥಾನದ ಹೆಸರು ಲಗ್ನಪತ್ರಿಕೆಯಲ್ಲಿ ಸರಿಯಾಗಿ ಇರಬೇಕು.

ದಿನದ ಬಗ್ಗೆ ಒಂದು ಗುಟ್ಟು. ಒಳ್ಳೆ ದಿನ, ಒಳ್ಳೆ ನಕ್ಷತ್ರ ಇದ್ದಾಗ ಜಮೀನು, ಸೈಟಿನವರ ರಶ್ ಇರುತ್ತದೆ. ಅಮಾವಾಸ್ಯೆಗೆ, ಆಷಾಢಕ್ಕೆ ಜನ ಆಸ್ತಿ ರಿಜಿಸ್ಟರ್ ಮಾಡಿಸುವುದು ಕಡಿಮೆ. ನಿಮ್ಮ ಮದುವೆ ಹೇಗೂ ಆಗಿಹೋಗಿದೆ, ಕಾಗದಕ್ಕೆ ಆಷಾಢ ಏನೂ ಮಾಡುವುದಿಲ್ಲ, ಆರಾಮವಾಗಿ ಹೋಗಿ ಬನ್ನಿ. ಅತ್ತೆಯವರು ಒಪ್ಪದಿದ್ದರೆ ಅದು ಬೇರೆ ವಿಷಯ. ಇನ್ನು ಹಾಸನಾಂಬೆ ಬಾಗಿಲು ತೆರೆದಿರುವ ದಿನಗಳಲ್ಲಿ ಹಾಸನ ಪೇಟೆಗೆ ಕಾರು ತರುವ ಸಾಹಸ ಬೇಡ. ಎರಡನೇ ಮತ್ತು ನಾಲ್ಕನೇ ಶನಿವಾರ ಸರ್ಕಾರಿ ರಜೆ ಅನ್ನುವುದು ಬೆಂಗಳೂರಿನಿಂದ ವಾರಾಂತ್ಯಕ್ಕೆ ಬರುವವರಿಗೆ ನೆನಪಿರಲಿ.

ಎರಡು ದಾರಿ, ನಿಮ್ಮದು ಯಾವುದು

ಗೊಂದಲ ಹುಟ್ಟುವುದು ಇಲ್ಲೇ. "ರಿಜಿಸ್ಟರ್ ಮದುವೆ" ಅಂತ ಜನ ಎರಡಕ್ಕೂ ಹೇಳುತ್ತಾರೆ.

ಒಂದು ದಾರಿ 1955ರ ಹಿಂದೂ ವಿವಾಹ ಕಾಯ್ದೆ. ಇದರಲ್ಲಿ ಆಫೀಸಿನವರು ನಿಮಗೆ ಮದುವೆ ಮಾಡಿಸುವುದಿಲ್ಲ. ಈಗಾಗಲೇ ಆಗಿರುವ ಮದುವೆಯನ್ನು ಪುಸ್ತಕದಲ್ಲಿ ಬರೆದುಕೊಂಡು ಸರ್ಟಿಫಿಕೇಟ್ ಕೊಡುತ್ತಾರೆ. ಗಂಡು ಹೆಣ್ಣು ಇಬ್ಬರೂ ಹಿಂದೂ, ಜೈನ, ಬೌದ್ಧ ಅಥವಾ ಸಿಖ್ಖರಾಗಿರಬೇಕು. ಜಾತಿ ಬೇರೆ ಇದ್ದರೂ ಪರವಾಗಿಲ್ಲ. ಗಂಡಿಗೆ 21, ಹೆಣ್ಣಿಗೆ 18 ತುಂಬಿರಬೇಕು.

ಇನ್ನೊಂದು 1954ರ ವಿಶೇಷ ವಿವಾಹ ಕಾಯ್ದೆ, ಸ್ಪೆಷಲ್ ಮ್ಯಾರೇಜ್ ಆಕ್ಟ್. ಇದರಲ್ಲಿ ಮದುವೆ ಆಗುವುದೇ ಅಧಿಕಾರಿಯ ಮುಂದೆ. ಧರ್ಮ ಬೇರೆ ಬೇರೆಯಾಗಿದ್ದರೆ ಇದೇ ದಾರಿ. ಒಂದೇ ಧರ್ಮದವರು, ಶಾಸ್ತ್ರ ಬೇಡ ಅನ್ನುವವರೂ ಇದರಲ್ಲಿ ಆಗಬಹುದು. 30 ದಿನದ ನೋಟಿಸು ಇರುವುದು ಇದಕ್ಕೆ.

ಹಿಂದೂ ಕಾಯ್ದೆಯ ಬಗ್ಗೆ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಮದುವೆ ಇನ್ನೂ ಆರು ತಿಂಗಳು ಇದೆ, ವೀಸಾಗೆ ಲೇಟಾಗುತ್ತದೆ, ಸುಮ್ನೆ ಒಂದು ಸರ್ಟಿಫಿಕೇಟ್ ಮಾಡಿಸಿಬಿಡೋಣ ಅಂತ ಹೊರಡುವ ಕುಟುಂಬಗಳಿವೆ. ದೇವಸ್ಥಾನದಲ್ಲಿ ಹಾರ ಹಾಕಿಸಿ ಫೋಟೋ ತೆಗೆಸುತ್ತಾರೆ, ಫಾರ್ಮಿನಲ್ಲಿ ಮದುವೆ ಆಗಿದೆ ಅಂತ ಬರೆಯುತ್ತಾರೆ. 2024ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟು ಇಂಥದ್ದೇ ಒಂದು ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿತು: ಶಾಸ್ತ್ರ ನಡೆಯದೆ ಹಿಂದೂ ಮದುವೆ ಇಲ್ಲ, ಸರ್ಟಿಫಿಕೇಟ್ ಇದ್ದ ಮಾತ್ರಕ್ಕೆ ಮದುವೆ ಆದಂತಲ್ಲ. ಆಮೇಲೆ ಸಂಬಂಧ ಮುರಿದರೆ ಆ ಹುಡುಗಿ ಮದುವೆ ಆದವಳೋ ಇಲ್ಲವೋ ಅನ್ನುವುದಕ್ಕೇ ಕೋರ್ಟಿಗೆ ಅಲೆಯಬೇಕಾಗುತ್ತದೆ. ಅಷ್ಟು ಅರ್ಜೆಂಟ್ ಇದ್ದರೆ ಮನೆ ಮಟ್ಟದಲ್ಲಿ ಧಾರೆ, ತಾಳಿ, ಸಪ್ತಪದಿ ಎಲ್ಲ ಸರಿಯಾಗಿ ಮಾಡಿ, ಆ ದಿನಾಂಕವನ್ನೇ ಬರೆಸಿ. ದೊಡ್ಡ ಊಟ ಆಮೇಲೆ ಹಾಕಿಸಬಹುದು. ಇಲ್ಲವೇ ಎರಡನೇ ದಾರಿ ಹಿಡಿಯಿರಿ. ಶಾಸ್ತ್ರದ ಗೊಡವೆ ಬೇಡ ಅಂತ ಮಂತ್ರಮಾಂಗಲ್ಯ ಮಾಡಿಕೊಳ್ಳುವವರಿಗೂ ನಾನು ಹೇಳುವುದು ಇದನ್ನೇ, ವಿಶೇಷ ವಿವಾಹ ಕಾಯ್ದೆಯಲ್ಲಿ ಕಾಗದ ಮಾಡಿಸಿಕೊಂಡರೆ ಮುಂದೆ ಯಾರೂ ತಕರಾರು ತೆಗೆಯಲಾರರು.

ನಮ್ಮ ಕಡೆ ಸಂಬಂಧದಲ್ಲೇ ಮದುವೆ ಜಾಸ್ತಿ. ಅಕ್ಕನ ಮಗಳು, ಸೋದರಮಾವನ ಮಗಳು, ಸೋದರತ್ತೆ ಮಗಳು. ಹಿಂದೂ ವಿವಾಹ ಕಾಯ್ದೆ ಹತ್ತಿರದ ಸಂಬಂಧಗಳನ್ನು ನಿಷೇಧಿಸಿದ್ದರೂ, ಇಬ್ಬರ ಕಡೆಯಲ್ಲೂ ಅಂಥ ರೂಢಿ ಇದ್ದರೆ ಒಪ್ಪುತ್ತದೆ. ಹಾಗಾಗಿ ಇವರಿಗೆ ಮೊದಲ ದಾರಿಯೇ ಸಲೀಸು. ವಿಶೇಷ ವಿವಾಹ ಕಾಯ್ದೆಯ ನಿಷಿದ್ಧ ಪಟ್ಟಿಯಲ್ಲಿ ಈ ಸಂಬಂಧಗಳೆಲ್ಲ ಇವೆ, ಅಲ್ಲಿ ರೂಢಿಯ ವಿನಾಯಿತಿ ಪಡೆಯುವುದು ತಲೆನೋವು. ಮಾವನ ಮಗಳನ್ನು ಆಗುವವರು ಅದರ ಸಹವಾಸಕ್ಕೆ ಹೋಗದಿರುವುದೇ ಒಳ್ಳೆಯದು.

ರಿಜಿಸ್ಟರ್ ಮಾಡಿಸದಿದ್ದರೆ ಮದುವೆ ಬಿದ್ದುಹೋಗುತ್ತದಾ? ಇಲ್ಲ. ನೋಂದಣಿ ಆಗಿಲ್ಲ ಅನ್ನುವ ಕಾರಣಕ್ಕೆ ಹಿಂದೂ ಮದುವೆ ಅಸಿಂಧು ಆಗುವುದಿಲ್ಲ ಅಂತ ಕಾಯ್ದೆಯ 8ನೇ ಸೆಕ್ಷನ್‌ನಲ್ಲೇ ಇದೆ. ಹಾಗಂತ ಬಿಡಬೇಡಿ. ಕರ್ನಾಟಕದಲ್ಲಿ ಮದುವೆ ನೋಂದಣಿಗೆ 1976ರ ಹೆಸರಿನ ಪ್ರತ್ಯೇಕ ಕಾಯ್ದೆಯೇ ಇದೆ, 2006ರಲ್ಲಿ ಸುಪ್ರೀಂ ಕೋರ್ಟು ದೇಶದಾದ್ಯಂತ ನೋಂದಣಿ ಕಡ್ಡಾಯ ಆಗಬೇಕು ಅಂದಿದೆ. ಹಳೇ ಮದುವೆಗಳನ್ನೂ ಈಗ ಮಾಡಿಸಬಹುದು.

ಹೆಸರು, ಹೆಸರು, ಹೆಸರು

ಅರ್ಜಿಗೆ ಕೈ ಹಾಕುವ ಮುಂಚೆ ಇಬ್ಬರ ಆಧಾರ್, ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್, ಪ್ಯಾನ್, ಪಾಸ್‌ಪೋರ್ಟ್ ಇದ್ದರೆ ಅದು, ಎಲ್ಲ ತಂದು ಊಟದ ಟೇಬಲ್ ಮೇಲೆ ಹರಡಿ. ಅಕ್ಷರ ಅಕ್ಷರ ಹೋಲಿಸಿ ನೋಡಿ.

ಹಾಸನದ ಕಡೆ ಹೆಸರಿನ ಹಿಂದೆಯೋ ಮುಂದೆಯೋ ಊರಿನದ್ದೊಂದು, ಅಪ್ಪನದ್ದೊಂದು ಇನಿಷಿಯಲ್ ಇರುತ್ತದೆ. ಮಾರ್ಕ್ಸ್ ಕಾರ್ಡಿನಲ್ಲಿ ಅದು ಮುಂದೆ, ಆಧಾರಿನಲ್ಲಿ ಹಿಂದೆ, ಪಾಸ್‌ಪೋರ್ಟಿನಲ್ಲಿ ಬಿಡಿಸಿ ಪೂರ್ತಿ ಬರೆದಿರುತ್ತದೆ. ಗೌಡ ಅನ್ನುವುದಕ್ಕೆ ಇಂಗ್ಲಿಷಿನಲ್ಲಿ ಒಂದು ಕಡೆ ಡಬ್ಲ್ಯು, ಇನ್ನೊಂದು ಕಡೆ ಯು. ಲಕ್ಷ್ಮಿಯ ಕೊನೆಗೆ ಒಂದರಲ್ಲಿ ಐ, ಒಂದರಲ್ಲಿ ವೈ. ಲಗ್ನಪತ್ರಿಕೆಯಲ್ಲಂತೂ ಮನೆಯಲ್ಲಿ ಕರೆಯುವ ಹೆಸರೇ ಅಚ್ಚಾಗಿರುತ್ತದೆ. ಆಧಾರಿನಲ್ಲಿ ಪುಟ್ಟಸ್ವಾಮಿ, ಪತ್ರಿಕೆಯಲ್ಲಿ ಚಿ. ಸಚಿನ್. ಗುಮಾಸ್ತರು ನೋಡಿ ಕೇಳದೆ ಇರುತ್ತಾರಾ?

ಸರ್ಟಿಫಿಕೇಟ್ ಯಾವ ಕೆಲಸಕ್ಕೆ ಬೇಕು ಅಂತ ಮೊದಲು ಯೋಚಿಸಿ. ವಿದೇಶಕ್ಕಾದರೆ ಪಾಸ್‌ಪೋರ್ಟಿನಲ್ಲಿರುವ ಸ್ಪೆಲ್ಲಿಂಗೇ ಸರ್ಟಿಫಿಕೇಟಿನಲ್ಲೂ ಬರಬೇಕು, ಬೇಕಾದರೆ ಮುಂಚೆಯೇ ಆಧಾರನ್ನು ಅದಕ್ಕೆ ಸರಿಯಾಗಿ ತಿದ್ದಿಸಿಕೊಳ್ಳಿ. ಆಧಾರ್ ತಿದ್ದುವುದು ಸುಲಭ. ಒಮ್ಮೆ ಸಹಿಯಾದ ಮದುವೆ ಸರ್ಟಿಫಿಕೇಟ್ ತಿದ್ದಿಸುವುದು ದೊಡ್ಡ ಗೋಳು. ಹುಟ್ಟಿದ ದಿನಾಂಕವೂ ಅಷ್ಟೇ. ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದ ಜೂನ್ ಒಂದು ಮಾರ್ಕ್ಸ್ ಕಾರ್ಡಿನಲ್ಲಿ, ಬೇರೆ ಯಾವುದೋ ತಾರೀಖು ಆಧಾರಿನಲ್ಲಿ ಇರುವವರು ನಮ್ಮ ಹಳ್ಳಿಗಳಲ್ಲಿ ಬೇಕಾದಷ್ಟಿದ್ದಾರೆ.

ಹೆಣ್ಣುಮಕ್ಕಳಿಗೆ ಒಂದು ಮಾತು. ಮದುವೆ ಆದ ತಕ್ಷಣ ಗಂಡನ ಹೆಸರು ಸೇರಿಸಿಕೊಳ್ಳಲೇಬೇಕು ಅಂತ ಯಾವ ಕಾನೂನೂ ಹೇಳುವುದಿಲ್ಲ. ಹುಟ್ಟಿದ ಮನೆಯ ಹೆಸರಿನಲ್ಲೇ ಅರ್ಜಿ ಹಾಕಿ, ಓದಿನ ಕಾಗದಗಳೆಲ್ಲ ಅದೇ ಹೆಸರಿನಲ್ಲಿ ಇರುತ್ತವಲ್ಲ. ಆಮೇಲೆ ಬದಲಾಯಿಸುವ ಮನಸ್ಸಾದರೆ ಇದೇ ಸರ್ಟಿಫಿಕೇಟ್ ಅದಕ್ಕೆ ದಾಖಲೆಯಾಗುತ್ತದೆ.

ಯಾವ ಕಾಗದ ಇಟ್ಟುಕೊಳ್ಳಬೇಕು

ವಯಸ್ಸಿಗೆ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್, ಜನನ ಪ್ರಮಾಣಪತ್ರ ಅಥವಾ ಪಾಸ್‌ಪೋರ್ಟ್. ವಿಳಾಸಕ್ಕೆ ಆಧಾರ್, ವೋಟರ್ ಐಡಿ, ಇಂಥದ್ದು. ಮದುವೆಗೆ ಸಾಕ್ಷಿಯಾಗಿ ಲಗ್ನಪತ್ರಿಕೆ ಮತ್ತು ತಾಳಿ ಕಟ್ಟುವಾಗಿನದೋ ಧಾರೆಯದೋ ಫೋಟೋ, ಇಬ್ಬರ ಮುಖವೂ ಸರಿಯಾಗಿ ಕಾಣುವಂಥದ್ದು. ಫೋಟೋಗ್ರಾಫರ್ ಕಲೆಗಾರಿಕೆ ತೋರಿಸಿ ಬೆನ್ನ ಹಿಂದಿನಿಂದ ತೆಗೆದದ್ದು ಆಲ್ಬಮ್ಮಿಗೆ ಚೆಂದ, ಇದಕ್ಕೆ ಬೇಡ. ಜೊತೆಗೆ ಗಂಡ ಹೆಂಡತಿಯ ಫೋಟೋ ಮತ್ತು ಮೂವರು ಸಾಕ್ಷಿಗಳ ಗುರುತಿನ ಚೀಟಿ.

ಸಾಕ್ಷಿಗಳು ಮದುವೆಗೆ ಬಂದಿದ್ದವರೇ ಆಗಿದ್ದರೆ ಒಳ್ಳೆಯದು. ಅಪ್ಪ, ಅಮ್ಮ, ಅಣ್ಣ, ಸ್ನೇಹಿತ, ಯಾರಾದರೂ ಸರಿ. ಆಫೀಸಿನ ಹೊರಗೆ ಟೀ ಅಂಗಡಿ ಹತ್ತಿರ ದುಡ್ಡಿಗೆ ಸಾಕ್ಷಿ ಹಾಕುವವರು ಸಿಗುತ್ತಾರೆ ಅಂತ ಯಾರಾದರೂ ಹೇಳಿದರೆ ಆ ಸುದ್ದಿಗೇ ಹೋಗಬೇಡಿ. ಮುಂದೆ ಏನಾದರೂ ಕೋರ್ಟಿನ ಮಾತು ಬಂದರೆ ಆ ಮನುಷ್ಯನನ್ನು ಎಲ್ಲಿ ಹುಡುಕುತ್ತೀರಿ?

ದೇವಸ್ಥಾನದಲ್ಲಿ ಸರಳವಾಗಿ ಮದುವೆ ಆಗಿದ್ದು ಪತ್ರಿಕೆ ಮಾಡಿಸಿರದಿದ್ದರೆ, ಅಲ್ಲಿ ಮದುವೆಗೆ ಹಣ ಕಟ್ಟಿದ ರಸೀದಿ ಅಥವಾ ಅಲ್ಲಿಯವರ ಪತ್ರ ಕೇಳಿ ತೆಗೆದುಕೊಳ್ಳಿ. ಅದೇ ದಿನ ಕೇಳಿ. ವರ್ಷ ಬಿಟ್ಟು ಹೋದರೆ ಪಾರುಪತ್ತೇಗಾರರು ಬದಲಾಗಿರುತ್ತಾರೆ, ಪುಸ್ತಕ ಸಿಗುವುದಿಲ್ಲ. ಹಳೇ ಮದುವೆಯವರ ಬಳಿ ಏನೂ ಇಲ್ಲದಿದ್ದರೆ ಮಕ್ಕಳ ಶಾಲೆ ದಾಖಲೆ, ರೇಷನ್ ಕಾರ್ಡು, ಇರುವ ಒಂದೆರಡು ಕಪ್ಪು ಬಿಳುಪು ಫೋಟೋ ಎಲ್ಲ ಒಟ್ಟುಮಾಡಿ, ಇವುಗಳ ಜೊತೆ ಅಫಿಡವಿಟ್ ಸಾಕಾಗುತ್ತದಾ ಅಂತ ಆಫೀಸಿನಲ್ಲಿ ಮೊದಲೇ ಕೇಳಿಕೊಳ್ಳಿ. ಅದು ಅಧಿಕಾರಿಗೆ ಸಮಾಧಾನವಾಗುವ ವಿಷಯ.

ಇಬ್ಬರಲ್ಲಿ ಯಾರಿಗಾದರೂ ಇದು ಎರಡನೇ ಮದುವೆಯಾದರೆ ವಿಚ್ಛೇದನದ ತೀರ್ಪಿನ ದೃಢೀಕೃತ ಪ್ರತಿ ಬೇಕು, ಮೇಲ್ಮನವಿಯ ಗಡುವು ಮುಗಿದ ಮೇಲೆ ಮದುವೆ ಆಗಿರಬೇಕು. ಗಂಡ ಅಥವಾ ಹೆಂಡತಿ ತೀರಿಕೊಂಡಿದ್ದರೆ ಮರಣ ಪ್ರಮಾಣಪತ್ರ. ಪಂಚಾಯಿತಿ ಸೇರಿಸಿ ಬಿಡಿಸಿಕೊಂಡಿದ್ದೇವೆ, ಸ್ಟಾಂಪ್ ಪೇಪರ್ ಮೇಲೆ ಬರೆದುಕೊಂಡಿದ್ದೇವೆ ಅಂತ ಆ ಕಾಗದವನ್ನೇ ನಂಬಿ ಹೋಗಬೇಡಿ. ಮೊದಲು ವಕೀಲರಿಗೆ ತೋರಿಸಿ.

ಕಾವೇರಿಯಲ್ಲಿ ಅರ್ಜಿ

ಈಗ ಎಲ್ಲವೂ ನೋಂದಣಿ ಮತ್ತು ಮುದ್ರಾಂಕ ಇಲಾಖೆಯ ಕಾವೇರಿ 2.0 ಜಾಲತಾಣದಿಂದಲೇ ಶುರು. ಮೊಬೈಲ್ ನಂಬರ್, ಇಮೇಲ್ ಕೊಟ್ಟು ಖಾತೆ ತೆರೆಯಿರಿ. ವಿವಾಹ ನೋಂದಣಿ ಆರಿಸಿ, ಅದರಲ್ಲಿ ಹಿಂದೂ ವಿವಾಹವೋ ವಿಶೇಷ ವಿವಾಹವೋ ಅಂತ ಆರಿಸಿ. ಮೇಲೆ ಅಷ್ಟು ಹೊತ್ತು ಎರಡು ದಾರಿಯ ಕಥೆ ಹೇಳಿದ್ದು ಈ ಒಂದು ಕ್ಲಿಕ್ಕಿಗಾಗಿ. ಆಮೇಲೆ ಗಂಡನ ವಿವರ, ಹೆಂಡತಿಯ ವಿವರ, ಮದುವೆಯ ದಿನಾಂಕ, ಸ್ಥಳ, ಸಾಕ್ಷಿಗಳು. ಕಾಗದಗಳನ್ನು ಸ್ಕ್ಯಾನ್ ಮಾಡಿ ಏರಿಸಬೇಕು. ಮೊಬೈಲಿನಲ್ಲಿ ಮಂಚದ ಮೇಲಿಟ್ಟು ತೆಗೆದ ಫೋಟೋದಲ್ಲಿ ಅಕ್ಷರ ಕಾಣದಿದ್ದರೆ ಅರ್ಜಿ ವಾಪಸ್ ಬರುತ್ತದೆ, ಜೆರಾಕ್ಸ್ ಅಂಗಡಿಯಲ್ಲಿ ಸರಿಯಾಗಿ ಸ್ಕ್ಯಾನ್ ಮಾಡಿಸಿ.

ಕಳಿಸುವ ಮುಂಚೆ ಇಬ್ಬರೂ ಕೂತು ಓದಿ. ನೀವು ತುಂಬಿದ್ದೇ ಸರ್ಟಿಫಿಕೇಟಿನಲ್ಲಿ ಬರುವುದು. ಅರ್ಜಿ ತುಂಬಿದ್ದು ಬೇರೆಯವರಾದರೆ ಇನ್ನೂ ಜಾಸ್ತಿ ಎಚ್ಚರ ಬೇಕು.

ಅರ್ಜಿ ಆಫೀಸಿಗೆ ಹೋಗುತ್ತದೆ, ಅಲ್ಲಿ ಪರಿಶೀಲಿಸಿ ಒಪ್ಪುತ್ತಾರೆ ಇಲ್ಲವೇ ಕೊರತೆ ಬರೆದು ವಾಪಸ್ ಕಳಿಸುತ್ತಾರೆ. ಒಪ್ಪಿದ ಮೇಲೆ ಶುಲ್ಕ ಕಟ್ಟಿ, ದಿನ ಮತ್ತು ಹೊತ್ತು ಗೊತ್ತು ಮಾಡಿಕೊಂಡು ಹೋಗುವುದು. ಹಿಂದೂ ಮದುವೆಗೆ ಆಫೀಸಿಗೇ ಹೋಗದೆ ಮುಗಿಸುವ ಇನ್ನೊಂದು ವ್ಯವಸ್ಥೆ 2024ರ ಫೆಬ್ರವರಿಯಲ್ಲಿ ಬಂತು. ಗಂಡ, ಹೆಂಡತಿ, ಸಾಕ್ಷಿಗಳು ಎಲ್ಲರೂ ಆಧಾರ್ ಮೂಲಕ ದೃಢೀಕರಿಸಬೇಕು, ಲಗ್ನಪತ್ರಿಕೆಯ ಜೊತೆ ಮದುವೆಯ ವಿಡಿಯೋ ಕೂಡ ಏರಿಸಬೇಕು. ಎಲ್ಲರ ಆಧಾರಿಗೂ ಮೊಬೈಲ್ ಜೋಡಣೆಯಾಗಿದ್ದು ಹೆಸರುಗಳೆಲ್ಲ ತಾಳೆಯಾಗುವವರಿಗೆ ಇದು ವರದಾನ. ಆದರೆ ಸಾಕ್ಷಿ ಹಾಕುವ ದೊಡ್ಡಪ್ಪನ ಆಧಾರಿಗೆ ಜೋಡಿಸಿದ ಸಿಮ್ಮು ಎಂದೋ ಬಂದ್ ಆಗಿ ಒಟಿಪಿ ಬರದಿದ್ದರೆ ಏನು ಮಾಡುತ್ತೀರಿ? ಸಾಕ್ಷಿಗಳನ್ನು ಆರಿಸುವಾಗಲೇ ಇದನ್ನು ವಿಚಾರಿಸಿಕೊಳ್ಳಿ.

ಸರ್ಕಾರಿ ಶುಲ್ಕ ತೀರಾ ಕಡಿಮೆ. ಎಷ್ಟು ಅಂತ ಪರದೆಯ ಮೇಲೆಯೇ ತೋರಿಸುತ್ತದೆ, ರಸೀದಿ ಬರುತ್ತದೆ. ಆಫೀಸಿನ ಸುತ್ತ ಇರುವ ಪತ್ರ ಬರಹಗಾರರು, ಏಜೆಂಟರು ಸಾವಿರಗಳಲ್ಲಿ ಹೇಳಿದರೆ ಅದು ಅವರ ಸೇವಾ ಶುಲ್ಕ ಅಂತ ತಿಳಿದು ಕೊಡಿ, ಸರ್ಕಾರದ ಫೀಸು ಅಂದುಕೊಂಡು ಕೊಡಬೇಡಿ. ಕಂಪ್ಯೂಟರ್ ಗೊತ್ತಿಲ್ಲದ ವಯಸ್ಸಾದವರಿಗೆ ಅವರ ಸಹಾಯ ಉಪಯೋಗವೇ, ಅದರಲ್ಲಿ ತಪ್ಪೇನಿಲ್ಲ. ಆದರೆ ಲಾಗಿನ್ ನಿಮ್ಮ ಮೊಬೈಲ್ ನಂಬರಿನಲ್ಲೇ ಇರಲಿ. ಅವರ ನಂಬರಿನಲ್ಲಿ ತೆರೆದರೆ ಅರ್ಜಿ ಎಲ್ಲಿದೆ ಅಂತ ತಿಳಿಯಲೂ ಅವರ ಮನೆ ಬಾಗಿಲಿಗೇ ಹೋಗಬೇಕು.

ಆಫೀಸಿಗೆ ಹೋಗುವ ದಿನ ಎಲ್ಲ ಅಸಲು ಕಾಗದ ಇಟ್ಟುಕೊಳ್ಳಿ, ಒಂದು ಸೆಟ್ ಜೆರಾಕ್ಸ್ ಕೂಡ. ಮೂವರು ಸಾಕ್ಷಿಗಳೂ ಅವರವರ ಅಸಲು ಗುರುತಿನ ಚೀಟಿ ತರಬೇಕು. ಅಲ್ಲೇ ಫೋಟೋ, ಹೆಬ್ಬೆಟ್ಟು, ಸಹಿ. ಸರ್ವರ್ ಇಲ್ಲ ಅನ್ನುವ ಮಾತು ಕೇಳಬೇಕಾಗಬಹುದು, ಹಾಗಾಗಿ ಸಾಕ್ಷಿಗಳಿಗೆ ಮಧ್ಯಾಹ್ನದ ಊಟ ಹಾಕಿಸುವ ಲೆಕ್ಕದಲ್ಲೇ ಹೊರಡಿ. ಕಾಫಿ ಕೊಯ್ಲಿನ ಕಾಲದಲ್ಲಿ ಸಕಲೇಶಪುರ, ಬೇಲೂರು ಕಡೆಯ ತೋಟದವರನ್ನು ಸಾಕ್ಷಿಗೆ ಕರೆಯುವುದು ಅಂದರೆ ಅವರ ಒಂದು ದಿನದ ಕೆಲಸ ಕೆಡಿಸಿದ ಹಾಗೆ. ಮಾರ್ಚ್ ಬರಲಿ.

ವಿಶೇಷ ವಿವಾಹ: 30 ದಿನದ ನೋಟಿಸು

ಇಬ್ಬರಲ್ಲಿ ಒಬ್ಬರಾದರೂ ನೋಟಿಸು ಕೊಡುವ ಮುಂಚಿನ 30 ದಿನ ಆ ಜಿಲ್ಲೆಯಲ್ಲಿ ವಾಸವಿರಬೇಕು. ನೋಟಿಸು ಕೊಟ್ಟ ಮೇಲೆ ಅದನ್ನು ಆಫೀಸಿನಲ್ಲಿ ಎಲ್ಲರಿಗೂ ಕಾಣುವಂತೆ ಅಂಟಿಸುತ್ತಾರೆ. 30 ದಿನದೊಳಗೆ ಯಾರಾದರೂ ಆಕ್ಷೇಪಣೆ ಸಲ್ಲಿಸಬಹುದು. ಯಾರೂ ಸಲ್ಲಿಸದಿದ್ದರೆ ಆಮೇಲೆ ಮದುವೆ. ಆದರೆ ನೋಟಿಸು ಕೊಟ್ಟ ದಿನದಿಂದ ಮೂರು ತಿಂಗಳೊಳಗೆ ಮದುವೆ ಆಗದಿದ್ದರೆ ಆ ನೋಟಿಸು ಸತ್ತ ಹಾಗೆ, ಮತ್ತೆ ಮೊದಲಿನಿಂದ. ಅಂದರೆ ನಿಮಗೆ ಸಿಗುವುದು ಮೊದಲ ತಿಂಗಳು ಕಳೆದ ಮೇಲಿನ ಸುಮಾರು ಎರಡು ತಿಂಗಳು. ಛತ್ರ, ರಜೆ ಎಲ್ಲ ಅದರೊಳಗೆ ನೋಡಿಕೊಳ್ಳಿ.

ಮನೆಯವರಿಗೆ ಹೇಳದೆ ಆಗುವವರು ಇದೊಂದನ್ನು ಸರಿಯಾಗಿ ತಿಳಿದುಕೊಂಡಿರಬೇಕು. ಬೆಂಗಳೂರಿನಲ್ಲಿ ನೋಟಿಸು ಕೊಟ್ಟರೆ ಊರಿಗೆ ಗೊತ್ತಾಗುವುದಿಲ್ಲ ಅಂದುಕೊಳ್ಳುತ್ತಾರೆ. ಇಬ್ಬರಲ್ಲಿ ಯಾರ ಕಾಯಂ ವಾಸ ಬೇರೆ ಜಿಲ್ಲೆಯಲ್ಲಿದೆಯೋ ಆ ಜಿಲ್ಲೆಯ ವಿವಾಹ ಅಧಿಕಾರಿಗೂ ನೋಟಿಸಿನ ಪ್ರತಿ ಹೋಗಬೇಕು, ಅಲ್ಲೂ ಅಂಟಿಸಬೇಕು ಅಂತ ಕಾಯ್ದೆಯಲ್ಲೇ ಇದೆ. ಸಬ್ ರಿಜಿಸ್ಟ್ರಾರ್ ಆಫೀಸಿಗೆ ದಿನಾ ಜಮೀನಿನ ಕೆಲಸಕ್ಕೆ ಬರುವವರೆಲ್ಲ ನಿಮ್ಮ ಊರಿನವರೇ. ಯಾರೋ ಒಬ್ಬರ ಕಣ್ಣಿಗೆ ಬಿದ್ದೇ ಬೀಳುತ್ತದೆ. ಈ ನೋಟಿಸಿನ ಪದ್ಧತಿ ನನಗೇನೂ ಇಷ್ಟವಿಲ್ಲ, ವಯಸ್ಸಿಗೆ ಬಂದ ಇಬ್ಬರ ವಿಳಾಸವನ್ನು ಗೋಡೆಗೆ ಅಂಟಿಸುವುದರಿಂದ ಒಳ್ಳೆಯದಾಗಿದ್ದಕ್ಕಿಂತ ಕೆಟ್ಟದ್ದಾಗಿದ್ದೇ ಜಾಸ್ತಿ. ಆದರೂ ಸದ್ಯಕ್ಕೆ ಕಾಯ್ದೆ ಹಾಗೇ ಇದೆ, ಅದನ್ನು ಲೆಕ್ಕಕ್ಕೆ ಹಿಡಿದೇ ಹೆಜ್ಜೆ ಇಡಿ.

ಹಾಗಂತ ಹೆದರಬೇಕಿಲ್ಲ. ಜಾತಿ ಬೇರೆ, ಧರ್ಮ ಬೇರೆ, ನಮಗೆ ಇಷ್ಟವಿಲ್ಲ, ನಮ್ಮ ಮರ್ಯಾದೆ ಹೋಗುತ್ತದೆ, ಇವು ಯಾವುವೂ ಆಕ್ಷೇಪಣೆಗೆ ಕಾರಣ ಆಗುವುದಿಲ್ಲ. ಈಗಾಗಲೇ ಗಂಡನೋ ಹೆಂಡತಿಯೋ ಇದ್ದಾರೆ, ಗಂಡಿಗೆ 21 ಅಥವಾ ಹೆಣ್ಣಿಗೆ 18 ಆಗಿಲ್ಲ, ನಿಷಿದ್ಧ ಸಂಬಂಧ, ಒಪ್ಪಿಗೆ ಕೊಡಲಾಗದ ಮಾನಸಿಕ ಸ್ಥಿತಿ, ಈ ಥರದ ಕಾನೂನಿನ ಕಾರಣ ಮಾತ್ರ ನಡೆಯುತ್ತದೆ. ಆಕ್ಷೇಪಣೆ ಬಂದರೆ ಅಧಿಕಾರಿ 30 ದಿನದೊಳಗೆ ವಿಚಾರಣೆ ಮಾಡಿ ತೀರ್ಮಾನಿಸಬೇಕು. ಅವರು ಆಕ್ಷೇಪಣೆ ಎತ್ತಿಹಿಡಿದರೆ ಜಿಲ್ಲಾ ನ್ಯಾಯಾಲಯಕ್ಕೆ ಹೋಗಬಹುದು. ಪ್ರಾಣಭಯ ಇದ್ದರೆ ಎಸ್‌ಪಿ ಕಚೇರಿಗೆ ಬರೆದು ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ಇಂಥ ಜೋಡಿಗಳಿಗೆ ರಕ್ಷಣೆ ಕೊಡಬೇಕು ಅಂತ ಸುಪ್ರೀಂ ಕೋರ್ಟು 2018ರಲ್ಲೇ ಎಲ್ಲ ರಾಜ್ಯಗಳಿಗೆ ನಿರ್ದೇಶನ ಕೊಟ್ಟಿದೆ. ವಯಸ್ಕರಿಬ್ಬರು ಒಪ್ಪಿದ ಮೇಲೆ ಮನೆಯವರ ಒಪ್ಪಿಗೆ ಬೇಕಾಗಿಲ್ಲ ಅಂತ 2021ರಲ್ಲಿ ಹೇಳಿದ್ದೂ ಕರ್ನಾಟಕದ್ದೇ ಪ್ರಕರಣದಲ್ಲಿ.

ಮದುವೆಯ ದಿನ ಇಬ್ಬರೂ ಮೂವರು ಸಾಕ್ಷಿಗಳ ಜೊತೆ ಹೋಗಿ ಘೋಷಣೆಗೆ ಸಹಿ ಹಾಕಬೇಕು. ಆಮೇಲೆ ಒಬ್ಬರಿಗೊಬ್ಬರು, ಅಧಿಕಾರಿ ಮತ್ತು ಸಾಕ್ಷಿಗಳ ಎದುರು, ನಿನ್ನನ್ನು ಕಾನೂನುಬದ್ಧ ಪತ್ನಿಯಾಗಿ, ಪತಿಯಾಗಿ ಸ್ವೀಕರಿಸುತ್ತೇನೆ ಅಂತ ಬಾಯಿ ಬಿಟ್ಟು ಹೇಳಬೇಕು. ನಿಮಗೆ ಅರ್ಥವಾಗುವ ಯಾವ ಭಾಷೆಯಲ್ಲಾದರೂ ಸರಿ, ಕನ್ನಡದಲ್ಲೇ ಹೇಳಿ. ಹಾರ, ತಾಳಿ ಕಡ್ಡಾಯವಿಲ್ಲ, ಬೇಕಿದ್ದರೆ ಅಡ್ಡಿಯೂ ಇಲ್ಲ. ಹೆಚ್ಚಿನ ಶುಲ್ಕ ಕಟ್ಟಿ ಆಫೀಸಿನ ಹೊರಗೆ, ಹತ್ತಿರದ ಜಾಗದಲ್ಲಿ ಮಾಡಿಸಿಕೊಳ್ಳಲು ಕಾಯ್ದೆಯಲ್ಲಿ ಅವಕಾಶ ಇದೆ, ಅಧಿಕಾರಿಗೆ ಬಿಡುವಿರಬೇಕು ಅಷ್ಟೇ.

ಆಸ್ತಿ ಬಗ್ಗೆ ಕೇಳುತ್ತಾರೆ. ಇಬ್ಬರೂ ಹಿಂದೂಗಳಾಗಿದ್ದು ಈ ಕಾಯ್ದೆಯಲ್ಲಿ ಮದುವೆಯಾದರೆ ವಾರಸಿಕೆಗೆ ಹಿಂದೂ ಉತ್ತರಾಧಿಕಾರ ಕಾಯ್ದೆಯೇ ನಡೆಯುತ್ತದೆ. ಧರ್ಮ ಬೇರೆಯಾದರೆ ಭಾರತೀಯ ಉತ್ತರಾಧಿಕಾರ ಕಾಯ್ದೆ, ಮತ್ತು ಹಿಂದೂ ಅವಿಭಕ್ತ ಕುಟುಂಬದಲ್ಲಿದ್ದವರು ಅದರಿಂದ ಬೇರೆಯಾದಂತೆ ಕಾನೂನು ಪರಿಗಣಿಸುತ್ತದೆ. ಪಿತ್ರಾರ್ಜಿತ ತೋಟ, ಗದ್ದೆ ಇರುವವರು ನೋಟಿಸಿಗೆ ಮುಂಚೆ ಒಬ್ಬ ವಕೀಲರ ಹತ್ತಿರ ಅರ್ಧ ಗಂಟೆ ಕೂತು ಬನ್ನಿ.

ಮುಸ್ಲಿಂ, ಕ್ರೈಸ್ತ ಮದುವೆಗಳು

ಕ್ರೈಸ್ತರಿಗೆ 1872ರ ಕಾಯ್ದೆ ಇದೆ. ಚರ್ಚಿನ ರಿಜಿಸ್ಟರಿನಲ್ಲಿ ದಾಖಲಾಗುತ್ತದೆ, ಅದರ ಪ್ರತಿ ಫಾದರ್ ಹತ್ತಿರ ಸಿಗುತ್ತದೆ. ಮುಸ್ಲಿಮರಿಗೆ ಖಾಜಿ ಕೊಡುವ ನಿಖಾನಾಮ ಮೂಲ ದಾಖಲೆ. ವಕ್ಫ್ ಮಂಡಳಿ ಮದುವೆ ಪ್ರಮಾಣಪತ್ರ ಕೊಡಬಹುದು ಅಂತ 2023ರಲ್ಲಿ ರಾಜ್ಯ ಸರ್ಕಾರ ಮಾಡಿದ್ದ ಆದೇಶಕ್ಕೆ 2024ರ ನವೆಂಬರಿನಲ್ಲಿ ಹೈಕೋರ್ಟು ತಡೆ ಕೊಟ್ಟಿತು, ಹಾಗಾಗಿ ಅದೊಂದನ್ನೇ ನಂಬಿಕೊಂಡು ಕೂರಬೇಡಿ. ಸರ್ಕಾರಿ ಸರ್ಟಿಫಿಕೇಟೇ ಬೇಕು ಅಂದರೆ, ಈಗಾಗಲೇ ಆದ ಮದುವೆಯನ್ನು ವಿಶೇಷ ವಿವಾಹ ಕಾಯ್ದೆಯ 15ನೇ ಸೆಕ್ಷನ್ ಅಡಿ ನೋಂದಾಯಿಸಬಹುದು. ಇದಕ್ಕೂ 30 ದಿನದ ನೋಟಿಸು ಇದೆ. ಇಬ್ಬರೂ ಜಿಲ್ಲೆಯಲ್ಲಿ 30 ದಿನ ವಾಸವಿರಬೇಕು. ಇಲ್ಲಿ ಜನ ಎಡವುವುದು ವಯಸ್ಸಿನಲ್ಲಿ: ನೋಂದಣಿಯ ಹೊತ್ತಿಗೆ ಹೆಣ್ಣಿಗೂ 21 ತುಂಬಿರಬೇಕು, 18 ಸಾಲದು.

ಸರ್ಟಿಫಿಕೇಟ್ ಕೈಗೆ ಬಂದ ಮೇಲೆ

ಅಲ್ಲೇ ನಿಂತು ಓದಿ. ಹೆಸರು, ಅಪ್ಪ ಅಮ್ಮನ ಹೆಸರು, ಹುಟ್ಟಿದ ದಿನಾಂಕ, ಮದುವೆಯ ದಿನಾಂಕ, ಊರು. ನೋಂದಣಿ ಸಂಖ್ಯೆಯನ್ನು ಫೋನಿನಲ್ಲಿ ಬರೆದಿಟ್ಟುಕೊಳ್ಳಿ, ಕಳೆದುಹೋದರೆ ಅದೇ ಆಫೀಸಿನಲ್ಲಿ ದೃಢೀಕೃತ ಪ್ರತಿ ಕೇಳಲು ಅದು ಬೇಕು. ಕಂಪ್ಯೂಟರ್ ಬರುವ ಮುಂಚಿನ ನೋಂದಣಿಯಾದರೆ ಪುಸ್ತಕ ತೆಗೆದು ಹುಡುಕಬೇಕಾಗುತ್ತದೆ, ವರ್ಷ ತಿಂಗಳಾದರೂ ಸರಿಯಾಗಿ ಹೇಳಬೇಕು.

ಪಾಸ್‌ಪೋರ್ಟ್ ಅರ್ಜಿಗೆ ಮದುವೆ ಸರ್ಟಿಫಿಕೇಟ್ ಕಡ್ಡಾಯ ಅನ್ನುವ ನಿಯಮವನ್ನು ಕೇಂದ್ರ ಸರ್ಕಾರ 2016ರ ಕೊನೆಯಲ್ಲೇ ಕೈಬಿಟ್ಟಿದೆ. ವೀಸಾಗೆ ಮಾತ್ರ ಕೇಳೇ ಕೇಳುತ್ತಾರೆ. ಯುರೋಪು, ಅಮೆರಿಕದಂಥ ಕಡೆಗಾದರೆ ಸರ್ಟಿಫಿಕೇಟಿನ ಮೇಲೆ ಅಪೋಸ್ಟಿಲ್, ಅಂದರೆ ಕಾಗದ ಅಸಲು ಅನ್ನುವ ದೃಢೀಕರಣದ ಚೀಟಿ, ಕೇಳಬಹುದು, ಅದನ್ನು ವಿದೇಶಾಂಗ ಸಚಿವಾಲಯ ಕೊಡುತ್ತದೆ. ದುಬೈ, ಕತಾರ್ ಕಡೆಗೆ ಅದು ನಡೆಯುವುದಿಲ್ಲ, ಆ ದೇಶದ ರಾಯಭಾರ ಕಚೇರಿಯ ದೃಢೀಕರಣವೇ ಬೇಕು. ಸರ್ಟಿಫಿಕೇಟನ್ನು ಲ್ಯಾಮಿನೇಷನ್ ಮಾಡಿಸಬೇಡಿ. ಅಪೋಸ್ಟಿಲ್ ಚೀಟಿ ಅಂಟಿಸಲು, ಮೊಹರು ಒತ್ತಲು ಕಾಗದ ಬರಿದಾಗಿರಬೇಕು.

ಜೋಡಿಯಲ್ಲಿ ಒಬ್ಬರು ಪರಿಶಿಷ್ಟ ಜಾತಿಯವರಾಗಿದ್ದು ಇನ್ನೊಬ್ಬರು ಬೇರೆ ಜಾತಿಯವರಾದರೆ ಸಮಾಜ ಕಲ್ಯಾಣ ಇಲಾಖೆಯಿಂದ ಅಂತರ್ಜಾತಿ ವಿವಾಹಕ್ಕೆ ಪ್ರೋತ್ಸಾಹಧನ ಇದೆ, ಲಕ್ಷಗಳ ಮೊತ್ತ. ಅದಕ್ಕೆ ನೋಂದಣಿ ಸರ್ಟಿಫಿಕೇಟ್ ಬೇಕು, ಆದಾಯದ ಮಿತಿ ಇದೆ, ಮದುವೆಯಾಗಿ ಇಷ್ಟು ಕಾಲದೊಳಗೆ ಅರ್ಜಿ ಹಾಕಬೇಕು ಅಂತ ಗಡುವೂ ಇದೆ. ತಾಲ್ಲೂಕಿನ ಸಮಾಜ ಕಲ್ಯಾಣ ಕಚೇರಿಯಲ್ಲಿ ಮದುವೆಯಾದ ತಿಂಗಳಲ್ಲೇ ವಿಚಾರಿಸಿ.